ಗಾಯ ಕಾಣದ ಚಿಕಿತ್ಸೆ, ಮರೆಯಬಾರದ ಮಾತ್ರೆ

ಪದೇ ಪದೇ ಬರುತ್ತಿದ್ದ ತಲೆನೋವಿಗೆಂದು ಪರೀಕ್ಷೆ ಮಾಡಿಸಿದ ನನ್ನ ಅಕ್ಕನ ಮಿದುಳಿನ ರಕ್ತನಾಳವೊಂದು ಬೆಲೂನಿನಂತೆ ಉಬ್ಬಿರುವುದು ಸ್ಕ್ಯಾನಿಂಗ್‌ನಲ್ಲಿ ಪತ್ತೆಯಾಯಿತು. ವೈದ್ಯರು ಅದನ್ನು ‘ಅನ್ಯೂರಿಸಂ’ ಎಂದರು. ಇಂತಹ ಉಬ್ಬುಗಳಲ್ಲಿ ಬಹುಪಾಲು ಒಡೆಯುವುದೇ ಇಲ್ಲ. ಗಾತ್ರ, ಜಾಗ, ರೋಗಿಯ ವಯಸ್ಸು ನೋಡಿ ಕೆಲವನ್ನು ಸುಮ್ಮನೆ ಗಮನಿಸುತ್ತಿದ್ದರೆ ಸಾಕು. ಆದರೆ ಒಡೆದರೆ ಪ್ರಾಣಕ್ಕೇ ಸಂಚಕಾರ. ಅಕ್ಕನದು ದೊಡ್ಡದಿತ್ತು.

ತಲೆಬುರುಡೆ ತೆರೆಯಬೇಕಾದೀತೆಂದು ನಾವು ನಡುಗಿದ್ದೆವು. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಉಬ್ಬಿನ ಕುತ್ತಿಗೆಗೆ ಕ್ಲಿಪ್ ಹಾಕಿದ್ದು ಹಾಗೆಯೇ. 1990ರ ದಶಕದಲ್ಲಿ ರಕ್ತನಾಳದೊಳಗಿನಿಂದಲೇ ಸಾಗಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವ ವಿಧಾನ ಬಂತು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದದ್ದು ‘ಫ್ಲೋ ಡೈವರ್ಟರ್’ ಎಂಬ ಒತ್ತಾದ ಹೆಣಿಗೆಯ ಸ್ಟೆಂಟ್. ಅಕ್ಕನಿಗೆ ಅಳವಡಿಸಿದ್ದು ಇದೇ ಬಗೆಯದನ್ನು, ತೊಡೆಸಂದಿಯ ರಕ್ತನಾಳದ ಮೂಲಕ.

ರೈತನ ಮಗನಾದ ನನಗೆ ಅದರ ತತ್ವ ಸುಲಭವಾಗಿಯೇ ಅರ್ಥವಾಯಿತು. ಕಾಲುವೆಯ ದಂಡೆಯಲ್ಲಿ ಗುಂಡಿ ಬಿದ್ದಾಗ ನೀರಿನ ಸೆಳೆತವನ್ನು ಅದರಿಂದ ತಪ್ಪಿಸಿದರೆ ಗುಂಡಿ ತಾನಾಗಿ ಹೂಳು ತುಂಬಿ ಮುಚ್ಚುತ್ತದೆ. ಇಲ್ಲಿಯೂ ರಕ್ತ ನಾಳದ ನೇರಕ್ಕೆ ಹರಿಯುತ್ತದೆ. ಉಬ್ಬಿನೊಳಗಿನ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಸ್ಟೆಂಟಿನ ಮೇಲೆ ನಾಳದ ಒಳಪೊರೆ ಬೆಳೆಯುತ್ತದೆ. ಇದಕ್ಕೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಸ್ಟೆಂಟಿನ ಲೋಹದ ಮೇಲೆಯೇ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯವಿದೆ. ಅದನ್ನು ತಡೆಯಲೆಂದೇ ಸಾಮಾನ್ಯವಾಗಿ ಆಸ್ಪಿರಿನ್ ಜೊತೆಗೆ ಕ್ಲೊಪಿಡೋಗ್ರೆಲ್‌ನಂತಹ ಇನ್ನೊಂದು ಮಾತ್ರೆ ಕೊಡುತ್ತಾರೆ.

ನಾವು ಎಡವಿದ್ದು ಇಲ್ಲಿಯೇ. ಕೆಲವೇ ದಿನಗಳಲ್ಲಿ ಅಕ್ಕ ಮನೆಗೆ ಬಂದಳು. ತಲೆಯಲ್ಲಿ ಹೊಲಿಗೆಯಿಲ್ಲ, ಪಟ್ಟಿಯಿಲ್ಲ. ಆರು ವಾರ ಕಳೆದಾಗ ಕೈಮೇಲೆ ನೀಲಿ ಕಲೆಗಳೆದ್ದವು. ‘ಗಾಯವೇ ಇಲ್ಲ, ಈ ಮಾತ್ರೆ ಯಾಕೋ?’ ಎಂದವಳು ಒಂದನ್ನು ತಾನೇ ನಿಲ್ಲಿಸಿದ್ದಳು. ಮೂರನೆಯ ದಿನ ನನಗೆ ತಿಳಿದು ವೈದ್ಯರಿಗೆ ಫೋನ್ ಮಾಡಿದೆ. ಅವರ ದನಿಯಲ್ಲಿದ್ದ ಗಾಬರಿ ಇನ್ನೂ ಕಿವಿಯಲ್ಲಿದೆ. ಅದೃಷ್ಟವಶಾತ್ ಅನಾಹುತವಾಗಲಿಲ್ಲ.

ಆಸ್ಪತ್ರೆ ಕೊಟ್ಟ ಕಾಗದಗಳನ್ನು ಅಂದು ತೆರೆದು ನೋಡಿದೆ. ಮಾತ್ರೆ ನಿಲ್ಲಿಸಬಾರದೆಂಬ ಎಚ್ಚರಿಕೆ ಅಲ್ಲಿತ್ತು, ಇಂಗ್ಲಿಷಿನಲ್ಲಿ. ಅಕ್ಕ ಓದಬಲ್ಲದ್ದು ಕನ್ನಡ ಮಾತ್ರ. ಅವಳಿಗೆ ಅದನ್ನು ಓದಿ ಹೇಳದ ತಪ್ಪು ನನ್ನದೂ ಹೌದು.

ಕೂದಲೆಳೆಯಂತಹ ತಂತಿಗಳ ಜಾಲವನ್ನು ಮಿದುಳಿನವರೆಗೆ ಒಯ್ಯಬಲ್ಲ ವಿಜ್ಞಾನಕ್ಕೆ ಒಂದು ಹಾಳೆ ಕನ್ನಡ ಭಾರವೇ? ಯಾವ ಮಾತ್ರೆ, ಎಷ್ಟು ಕಾಲ, ಹಲ್ಲು ಕೀಳಿಸುವ ಮುನ್ನ ಯಾರನ್ನು ಕೇಳಬೇಕು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಧಾವಿಸಬೇಕು ಎಂಬಷ್ಟನ್ನು ರೋಗಿಯ ಭಾಷೆಯಲ್ಲಿ ಬರೆದುಕೊಟ್ಟರೆ ಸಾಕು. ಅದೂ ಚಿಕಿತ್ಸೆಯ ಭಾಗವೇ.