ತೊಟ್ಟಿಯ ತಳದ ಸಾಧು ಮೀನುಗಳು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಮುಂಬಯಿಯ ಚಿಕ್ಕ ಮನೆಗಳಲ್ಲಿಯೂ ಉಂಟು. ಅಂಥ ತೊಟ್ಟಿಗಳ ತಳದಲ್ಲಿ ಮೀಸೆಯಾಡಿಸುತ್ತ ಮರಳನ್ನು ಕೆದಕುವ ಪುಟ್ಟ ಮೀನುಗಳನ್ನು ವಿದ್ಯಾರ್ಥಿಗಳು ನೋಡಿರಬಹುದು. ಇವೇ ಕೋರಿಡೋರಾಸ್ ಎಂದು ಪ್ರಸಿದ್ಧವಾದ ಕ್ಯಾಟ್‌ಫಿಶ್‌ಗಳು. ಇವುಗಳ ತವರು ದಕ್ಷಿಣ ಅಮೆರಿಕದ ಹೊಳೆತೊರೆಗಳು. ಗ್ರೀಕ್ ಭಾಷೆಯಲ್ಲಿ ಕೋರಿಸ್ ಎಂದರೆ ಶಿರಸ್ತ್ರಾಣ, ದೋರಾ ಎಂದರೆ ಚರ್ಮ. ಹೆಸರು ಅನ್ವರ್ಥಕವೇ ಸರಿ. ಇವುಗಳ ಮೈಯ ಎರಡೂ ಪಕ್ಕಗಳಲ್ಲಿ ಎಲುಬಿನ ಫಲಕಗಳು ಎರಡೆರಡು ಸಾಲಾಗಿ ಕವಚದಂತೆ ಹೊದೆದಿವೆ. ಕವಚಧಾರಿಗಳಾದರೂ ಇವು ಪರಮ ಸಾಧುಗಳು.

ಈ ಮೀನುಗಳು ಕಸವನ್ನು ತಿಂದು ನೀರನ್ನು ಶುಚಿಗೊಳಿಸುತ್ತವೆ, ಇವುಗಳಿಗೆ ಬೇರೆ ಆಹಾರ ಬೇಡ ಎಂಬುದೊಂದು ನಂಬಿಕೆಯಿದೆ. ನಾವೂ ಹಾಗೆಯೇ ನಂಬಿ ತರಗತಿಯ ತೊಟ್ಟಿಯಲ್ಲಿ ಎರಡನ್ನು ಬಿಟ್ಟೆವು, ನೀರನ್ನು ಬದಲಿಸಲಿಲ್ಲ. ಅವು ಮೇಲಿಂದ ಮೇಲೆ ನೀರಿನ ಮೇಲ್ಗಡೆಗೆ ಚಿಮ್ಮಿ ಬರುವುದನ್ನು ಆಟವೆಂದು ತಿಳಿದು ಮಕ್ಕಳೊಡನೆ ನಾವೂ ನಕ್ಕೆವು. ಹದಿನೈದು ದಿನಗಳಲ್ಲಿ ಎರಡೂ ಸತ್ತವು. "ಗುರುಗಳೇ, ಅವಕ್ಕೆ ಊಟ ಯಾರು ಹಾಕುತ್ತಿದ್ದರು?" ಎಂದು ಬಾಲಕಿಯೊಬ್ಬಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅನಂತರ ಅಭ್ಯಾಸ ಮಾಡಿ ತಿಳಿದುದನ್ನು ಇಲ್ಲಿ ಬರೆದಿದ್ದೇವೆ.

ಕೋರಿಡೋರಾಸ್ ಮೀನು ಗಾಳಿಯನ್ನು ನುಂಗಿ ಕರುಳಿನ ಮೂಲಕವೂ ಆಮ್ಲಜನಕವನ್ನು ಹೀರಬಲ್ಲದು. ಆಗೊಮ್ಮೆ ಈಗೊಮ್ಮೆ ಮೇಲೆ ಬರುವುದು ಸಹಜ. ಪದೇ ಪದೇ ಬಂದರೆ ನೀರು ಕೆಟ್ಟಿರಬಹುದೆಂದು ತಿಳಿಯತಕ್ಕದ್ದು. ತಿನ್ನುವ ಪ್ರಾಣಿಯು ಮಲವನ್ನೂ ವಿಸರ್ಜಿಸುವುದಷ್ಟೆ? ಆ ಹೊಲಸಿನಿಂದ ಅಮೋನಿಯ ಎಂಬ ವಿಷವು ಹುಟ್ಟುತ್ತದೆ. ಶೋಧಕದಲ್ಲಿಯೂ ಮರಳಿನಲ್ಲಿಯೂ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೀರನ್ನು ಶುಚಿಗೊಳಿಸುವವರು ಇವರೇ, ಮೀನುಗಳಲ್ಲ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಅಲ್ಲಿಯವರೆಗೆ ಮೀನು ಬಿಡಬಾರದು. ಮುಂದೆಯೂ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ನಲ್ಲಿಯ ನೀರಿನ ಕ್ಲೋರಿನ್ ಹೋಗಲೆಂದು ಅದಕ್ಕಾಗಿ ದೊರೆಯುವ ಔಷಧದ ಹನಿಗಳನ್ನು ಬೆರೆಸಬೇಕು.

ಇವು ಗುಂಪಿನಲ್ಲಿ ಬಾಳುವ ಜೀವಿಗಳು. ಒಂದೇ ಜಾತಿಯ ಆರಾದರೂ ಇರಬೇಕು. ಅವಕ್ಕೆ ಎರಡಡಿ ಉದ್ದದ ತೊಟ್ಟಿ ಸಾಕು. ಚೂಪಾದ ಜಲ್ಲಿಯಿಂದ ಮೀಸೆಗಳಿಗೆ ಗಾಯವಾಗುವ ಸಂಭವವಿರುವುದರಿಂದ ತೊಳೆದ ನುಣುಪು ಮರಳನ್ನು ಹಾಸುವುದು ಲೇಸು. ಮುಂಬಯಿಯಂಥ ಸೆಕೆಯ ಊರಿಗೆ ಚುಕ್ಕೆಯ ಜಾತಿಗಿಂತ ಕಂಚುಬಣ್ಣದ್ದು ಮೇಲು. ಗಾಳಿ ನುಂಗಲೆಂದು ಮುಚ್ಚಳಕ್ಕೂ ನೀರಿಗೂ ನಡುವೆ ತೆರಪಿರಲಿ. ಈಜುರೆಕ್ಕೆಯ ಮುಳ್ಳುಗಳು ಬಲೆಗೆ ಸಿಕ್ಕಿಕೊಳ್ಳುವುದರಿಂದ ಹಿಡಿಯುವಾಗ ಬಟ್ಟಲನ್ನು ಬಳಸಬೇಕು. ಮುಖ್ಯವಾಗಿ, ಮುಳುಗುವ ಆಹಾರದ ಗುಳಿಗೆಗಳನ್ನು ಸಂಜೆ ದೀಪ ಆರಿಸಿದ ಮೇಲೆ ಹಾಕಬೇಕು. ಇಲ್ಲವಾದರೆ ಮೇಲಿನ ಮೀನುಗಳೇ ಅದನ್ನು ಕಬಳಿಸುತ್ತವೆ.

ನಮ್ಮ ತೊಟ್ಟಿಯಲ್ಲಿ ಈಗ ಆರು ಮೀನುಗಳಿವೆ. ಶಾಲೆ ಬಿಡುವ ಹೊತ್ತಿಗೆ ದೀಪ ಆರಿಸಿ ಗುಳಿಗೆ ಹಾಕುವ ಕೆಲಸವನ್ನು ಆ ಬಾಲಕಿಗೇ ಒಪ್ಪಿಸಿದ್ದೇವೆ. ಆರೂ ತಿನ್ನಲು ಬಂದುವೇ ಎಂದು ಎಣಿಸಿ ನೋಡಿಯೇ ಅವಳು ಮನೆಗೆ ಹೊರಡುತ್ತಾಳೆ.