ಸೆಕೆಂಡ್ ಪಿಯುಸಿ ಮನೆಯವರೇ, ಕಾಗದಪತ್ರ ಎಲ್ಲಿವೆ?

ಸೆಕೆಂಡ್ ಪಿಯುಸಿ ಮಕ್ಕಳಿಗೆ ‘ಓದು, ಓದು’ ಅನ್ನೋರು ಮನೆತುಂಬ ಇದ್ದಾರೆ. ಸಿಇಟಿಗೆ ಬೇಕಾದ ಕಾಗದಪತ್ರ ಎಲ್ಲಿವೆ ಅಂತ ಕೇಳೋರೇ ಇಲ್ಲ!

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಗ್ರಾಮೀಣ ಮೀಸಲಾತಿ ಇದೆ, ಶೇ. 15. ಹತ್ತೂ ವರ್ಷ ಕನ್ನಡ ಮಾಧ್ಯಮ ಆಗಿದ್ರೆ ಶೇ. 5. ಆದ್ರೆ ಸುಮ್ನೆ ಸಿಗಲ್ಲ. ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಬೇಕು. ಮೂರು ಶಾಲೆ ಬದಲಾಯಿಸಿದ್ರಾ? ಮೂರೂ ಕಡೆ ಓಡಾಟ. ಇದನ್ನ ಪರೀಕ್ಷೆಗೆ ಓದ್ತಿರೋ ಮಗುವಿನ ತಲೆಗೆ ಕಟ್ಟಬೇಡಿ. ಅಪ್ಪನೋ ಚಿಕ್ಕಪ್ಪನೋ ಹೋಗಿಬರಲಿ.

ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿ. ಅದರಲ್ಲಿರೋ ಆರ್‌ಡಿ ನಂಬರ್ ಸಿಇಟಿ ಅರ್ಜಿಯಲ್ಲಿ ಕೇಳ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದಾ? ಈಗಲೇ ಸರಿ ಮಾಡಿಸಿ.