ಹತ್ತು ಗುಂಡು, ಅರವತ್ತು ಸೆಕೆಂಡು: ಇಣುಕಿ ನೋಡಲು ಬಿಡುವೆಲ್ಲಿ?

ಲಿಂಗಂಪಲ್ಲಿ: ಕಲಬುರಗಿ, ವಾಡಿ, ತಾಂಡೂರು ದಾಟಿ ಬರುವ ರೈಲಿನಿಂದ ಇಲ್ಲಿ ಇಳಿಯುವ ಕನ್ನಡಿಗರಿಗೆ ಲಿಂಗಂಪಲ್ಲಿಯೆಂದರೆ ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ. ನಿಲ್ದಾಣದಿಂದ ಅಷ್ಟೇನೂ ದೂರವಿಲ್ಲದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣದಲ್ಲಿ ಬಂಡೆಗಳ ನಡುವೆ ಶೂಟಿಂಗ್ ರೇಂಜ್ ಒಂದಿದೆ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. 2003ರಲ್ಲಿ ಹೈದರಾಬಾದಿನಲ್ಲೇ ನಡೆದ ಆಫ್ರೊ-ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಈ ನಗರದಲ್ಲೇ ಬೆಳೆದವರು. ಮಕ್ಕಳನ್ನು ಈ ಆಟಕ್ಕೆ ಸೇರಿಸಬೇಕೆಂದಿರುವ ಪಾಲಕರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಹೊಡೆಯುವುದನ್ನು ಕಲಿತಂತೆ, ಹೊಡೆದದ್ದನ್ನು ಯಾವಾಗ ನೋಡಬೇಕು ಎಂಬುದನ್ನೂ ಕಲಿಯಬೇಕು.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗೆ ಈ ಚಿಂತೆಯಿಲ್ಲ. ಕಾಯಿ ಒಡೆದರೆ ಸುತ್ತ ನಿಂತವರಿಗೆಲ್ಲ ಗೊತ್ತಾಗುತ್ತದೆ. ಕಾಗದದ ಗುರಿಯ ಕಥೆ ಬೇರೆ. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ಗುಂಡಿನ ತೂತು ಸುಮಾರು 5.6 ಮಿಲಿಮೀಟರ್. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಅದಕ್ಕೇ ಸ್ಪಾಟಿಂಗ್ ಸ್ಕೋಪ್ ಎಂಬ ದುರ್ಬೀನು. ಇದನ್ನು ರೈಫಲ್‌ಗೆ ಜೋಡಿಸುವುದಿಲ್ಲ. ತಲೆ ತುಸು ಹೊರಳಿಸಿದರೆ ಕಣ್ಣಿಗೆ ಸಿಗುವಂತೆ ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸುತ್ತಾರೆ.

ಇಣುಕಿದ್ದಕ್ಕೂ ಬೆಲೆ ತೆರಬೇಕು

ನಿಧಾನದ ಸ್ಪರ್ಧೆಯಲ್ಲಿ ಪ್ರತಿ ಗುಂಡಿನ ನಂತರವೂ ನೋಡಬಹುದು. ರ‍್ಯಾಪಿಡ್ ಫೈರ್‌ನಲ್ಲಿ ಅದು ಆಗದ ಮಾತು. ಸೈನಿಕರ ಶೂಟಿಂಗ್ ಕೂಟಗಳಲ್ಲಿ 300 ಮೀಟರ್ ರ‍್ಯಾಪಿಡ್ ಫೈರ್ ರೈಫಲ್‌ಗೆ ಪ್ರತ್ಯೇಕ ಸ್ಪರ್ಧೆಯೇ ಉಂಟು. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಪ್ ಪೆರಿಯಲ್ಲಿ 1907ರಿಂದ ನಡೆದುಬಂದಿರುವ ರಾಷ್ಟ್ರೀಯ ಸ್ಪರ್ಧೆಗಳ ರೂಢಿಯಂತೆ 200 ಗಜ ದೂರಕ್ಕೆ ಕುಳಿತು 60 ಸೆಕೆಂಡಿನಲ್ಲಿ, 300 ಗಜಕ್ಕೆ ಮಲಗಿ 70 ಸೆಕೆಂಡಿನಲ್ಲಿ ಹತ್ತು ಗುಂಡು ಹೊಡೆದು ಮುಗಿಸಬೇಕು. ನಡುವೆ ಮ್ಯಾಗಝಿನ್ ಬದಲಿಸುವುದೂ ಇದರಲ್ಲೇ ಸೇರಿದೆ.

ಒಮ್ಮೆ ಇಣುಕಲು ಮೂರು ಸೆಕೆಂಡು ಎಂದಿಟ್ಟುಕೊಂಡರೂ ಹತ್ತು ಸಲಕ್ಕೆ ಮೂವತ್ತು ಸೆಕೆಂಡು, ಅಂದರೆ ಅರ್ಧ ಸಮಯ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕೆನ್ನೆ ರೈಫಲ್ ಬಿಟ್ಟು ಎದ್ದರೆ ಮತ್ತೆ ಅದೇ ಜಾಗಕ್ಕೆ ಬರುವುದು ಕಷ್ಟ. ಭುಜ ಜರುಗುತ್ತದೆ, ಗುರಿ ಕದಲುತ್ತದೆ.

ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ಸರಳ. ಮೊದಲ ಮ್ಯಾಗಝಿನ್‌ನಲ್ಲಿ ಎರಡು ಗುಂಡು, ಎರಡನೆಯದರಲ್ಲಿ ಎಂಟು. ಎರಡು ಹೊಡೆದು ಮ್ಯಾಗಝಿನ್ ಬದಲಿಸುವಾಗ ಹೇಗೂ ಕೈ ಬಿಡಲೇಬೇಕು. ಆ ಬಿಡುವಿನಲ್ಲೇ ದುರ್ಬೀನಿಗೆ ಒಂದು ನೋಟ. ಎರಡು ತೂತೂ ಹತ್ತಿರ ಹತ್ತಿರವಿದ್ದು ಒಂದೇ ಪಕ್ಕಕ್ಕೆ ಸರಿದಿದ್ದರೆ ಸೈಟ್ ತಿದ್ದಬಹುದು. ಒಂದು ಅಲ್ಲಿ, ಒಂದು ಇಲ್ಲಿ ಇದ್ದರೆ ಸೈಟ್ ಮುಟ್ಟದಿರುವುದೇ ಕ್ಷೇಮ, ತಪ್ಪು ಕೈಯದು. ಉಳಿದ ಎಂಟಕ್ಕೆ ದುರ್ಬೀನಿನ ಗೊಡವೆಯಿಲ್ಲ.

ದುರ್ಬೀನಿಗೆ ಇನ್ನೊಂದು ಕೆಲಸವೂ ಇದೆ. ನಮ್ಮ ದಖ್ಖನಿನ ಬಿಸಿಲಿಗೆ ಕಾದ ನೆಲದ ಮೇಲೆ ಗಾಳಿ ನೀರಿನಂತೆ ಅಲೆಯಾಡುತ್ತದೆ. ಈ ಬಿಸಿಲ್ಗುದುರೆ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಸ್ಪರ್ಧೆಗೆ ಮೊದಲೇ ನೋಡಿಕೊಂಡರೆ ಗಾಳಿಯ ದಿಕ್ಕು ತಿಳಿಯುತ್ತದೆ.

ಮಾನಿಟರ್ ಬಂದರೂ ಚಪಲ ಅದೇ

ಒಲಿಂಪಿಕ್ಸ್‌ನಲ್ಲಿ ಈಗ ಎಲೆಕ್ಟ್ರಾನಿಕ್ ಗುರಿಗಳು. ನಮ್ಮ ಗಡಿಗೆ ತಾಗಿದ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ಪ್ರತಿ ಗುಂಡಿನ ಅಂಕ ಪಕ್ಕದ ಮಾನಿಟರ್‌ನಲ್ಲೇ ಮೂಡುತ್ತಿತ್ತು. ಆದರೆ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್‌ನಲ್ಲಿ ನಾಲ್ಕು ಸೆಕೆಂಡಿಗೆ ಐದು ಗುಂಡು. ಅಲ್ಲಿ ಯಾವ ಮಾನಿಟರ್ ನೋಡುವುದು?

ಆಗ ನೆರವಿಗೆ ಬರುವುದು ಒಂದೇ. ಗುಂಡು ಹೊರಟ ಕ್ಷಣದಲ್ಲಿ ಸೈಟ್ ಎಲ್ಲಿತ್ತು ಎಂಬುದನ್ನು ಕಣ್ಣಿನಲ್ಲೇ ಹಿಡಿದಿಟ್ಟುಕೊಳ್ಳುವ ಅಭ್ಯಾಸ. ಇದನ್ನು ಕಲಿಸಲು ಖರ್ಚಿಲ್ಲ. ಮಗು ಹೊಡೆದ ಕೂಡಲೇ "ಎಲ್ಲಿ ಬಿತ್ತು ಹೇಳು ನೋಡೋಣ" ಎಂದು ಕೇಳಿ, ಹೇಳಿದ್ದನ್ನು ಬರೆಸಿ, ಆಮೇಲೆ ದುರ್ಬೀನಿನಲ್ಲಿ ತೋರಿಸಬೇಕು. ಹೇಳಿದ್ದಕ್ಕೂ ಬಿದ್ದದ್ದಕ್ಕೂ ಅಂತರ ಕಡಿಮೆಯಾಗುತ್ತ ಬಂದರೆ ಅಭ್ಯಾಸ ಸರಿದಾರಿಯಲ್ಲಿದೆ ಎಂದರ್ಥ.

ಹಿಂದೆ ಕುಳಿತು ದುರ್ಬೀನು ಹಿಡಿಯುವ ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಎಂಟಕ್ಕೆ ಬಿದ್ದ ಗುಂಡು ನಿಮ್ಮ ಮುಖದಲ್ಲಿ ಕಾಣದಿರಲಿ. ಮಗು ತಿರುಗಿ ನೋಡಿದರೆ ಮುಂದಿನ ಗುಂಡಿನ ಗಮನ ಅಲ್ಲೇ ಹೋಯಿತು.